ಬುಟ್ಟಿಗೆಸೆದ ಪತ್ರ

ಕಸದ ಬುಟ್ಟಿಯಿಂದ ಹೆಕ್ಕಿತಂದ, ಕಾಫಿಪುಡಿ ಮೆತ್ತಿದ ಪತ್ರವನ್ನು ವಾಂಡಾ ಊರಾಡಳಿತದ ಕಚೇರಿಯಾದ ಟೌನ್ ಹಾಲಿನ ಮೇಜಿನ ಮೇಲೆ ಹರವಿದಳು. ಇಡೀ ಊರಿನ ಪರವಾಗಿ ಟೌನ್ ಹಾಲೇ ಕಂಪನಿಯೊಂದರ ಜೊತೆ ಚೌಕಾಸಿ ಮಾಡಿ ಅಗ್ಗದ ಕರೆಂಟು ಗೊತ್ತುಮಾಡಿದೆ ಎಂಬ ಪತ್ರ. ಹಿಂದೊಮ್ಮೆ ಮನೆಬಾಗಿಲಿಗೆ ಬಂದ ಕರೆಂಟು ಕಂಪನಿಯವನ ಮಾತಿಗೆ ಮರುಳಾಗಿ ದುಬಾರಿ ಬಿಲ್ಲು ತೆತ್ತು ಕೈಸುಟ್ಟುಕೊಂಡಿದ್ದ ಅವಳು, ಇದೂ ಅಂಥದ್ದೇ ಎಂದು ಎಸೆದಿದ್ದಳು.

"ಕಾರ್ಡು ಕಳಿಸೋ ಗಡುವು ನಿನ್ನೆಗೇ ಮುಗೀತಂತೆ, ಲೊರೇನ್. ಬಿಲ್ಲಿಗೆ ಹೆದರಿ ಹೀಟರ್ ಹಾಕ್ದೆ ಈ ಚಳಿಗಾಲಾನೂ ಮನೇಲಿ ಕೋಟು ಹಾಕ್ಕೊಂಡೇ ಕೂರ್ಬೇಕಾ?"

ಗುಮಾಸ್ತೆ ಲೊರೇನ್ ಪತ್ರದ ಜೊತೆಗಿದ್ದ ಖಾಲಿ ಕಾರ್ಡನ್ನು ಎತ್ತಿ ನೋಡಿ ನಕ್ಕಳು. "ಸದ್ಯ, ಬದುಕಿದ್ರಿ ಮಿಸೆಸ್ ನೊವಾಕ್! ಇದು ಬೇಡ ಅನ್ನೋರು ಕಳಿಸೋ ಕಾರ್ಡು. ಸುಮ್ನಿದ್ದೋರೆಲ್ಲ ತಾನಾಗೇ ಸೇರ್ಕೊಂಡಿದ್ದಾರೆ. ನಮ್ಮಮ್ಮ ಇದು ಸೇರೋಕೆ ಅಂದ್ಕೊಂಡು ಮೊದಲ್ನೇ ದಿನಾನೇ ಶಿಸ್ತಾಗಿ ಸಹಿ ಹಾಕಿ ಕಳಿಸಿ ಹೊರಗುಳಿದ್ಲು."

ವಾಂಡಾ ಉಸ್ಸೆಂದು ಕುರ್ಚಿಗೊರಗಿ, ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು.