ಒಳಗೆ ನಾಲ್ಕು ಬೆರಳು

ಇವತ್ತು ಬೆಳಿಗ್ಗೆ ನನಗೆ ಹದಿನೆಂಟು ತುಂಬಿತು. ಸಂಜೆ ನಾಲ್ಕಕ್ಕೆ ಅವ್ವನಿಗೂ ನನಗೂ ವಿಮಾನ. ದಿಲ್ಲಿಯಲ್ಲಿ ಅಕ್ಕನ ಮಗುವಿನ ತೊಟ್ಟಿಲು. ಮಕ್ಕಳ ನೆರಳನ್ನು ತಾಯಿಯ ನೆರಳಿಗೆ ಹೊಲಿದಿರುತ್ತಾರಲ್ಲ, ಹದಿನೆಂಟರ ತನಕ ಅದೇ ಗುರುತಿನ ಚೀಟಿ. ಆಮೇಲೆ ಸ್ವಂತ ನೆರಳಿಲ್ಲದೆ ವಿಮಾನ ಹತ್ತಿಸುವುದಿಲ್ಲ. ಅದಕ್ಕೇ ಹತ್ತು ಗಂಟೆಗೆ ಅವ್ವ, ನಾನು ಹುಬ್ಬಳ್ಳಿಯ ನೆರಳು ಕಚೇರಿಯ ಅಂಗಳದಲ್ಲಿ ಬಿಸಿಲಿಗೆ ನಿಂತೆವು.

ಕಚೇರಿಯ ದರ್ಜಿ ಮೋದಿನ್‌ಸಾಬರು ಬಾಗಿ, ಅವ್ವನ ನೆರಳಿನ ಸೆರಗು ನನ್ನ ಹಿಮ್ಮಡಿಯ ಬಳಿ ಕೂಡಿದ್ದ ಕಡೆ ಸೀಮೆಸುಣ್ಣದ ಗೆರೆ ಎಳೆದರು.

“ಒಳಗ ನಾಲ್ಕು ಬೆರಳು ಬಿಟ್ಟು ಹೊಲೀರಿ. ಬೆಳೆಯೋ ಹುಡುಗಿ,” ಅಂದಳು ಅವ್ವ. ನನ್ನ ಶಾಲೆಯ ಲಂಗಕ್ಕೂ ಪ್ರತಿ ವರ್ಷ ಹೀಗೇ ಹೇಳುತ್ತಿದ್ದಳು. ನನಗೆ ನಾಚಿಕೆಯಾಯಿತು.

“ಹದಿನೆಂಟಾದಮ್ಯಾಲೆ ಏನ್ ಬೆಳೀತಾರ್ರೀ ಅಕ್ಕಾರ? ಮತ್ತ, ಬಿಟ್ರ ನಿಮ್ಮ ಕಡೆ ಕಡಿಮಿ ಬೀಳತೈತಿ.”

“ಬೀಳಲಿ ಬಿಡ್ರಿ.”

ಕತ್ತರಿ ನೀರಿನಲ್ಲಿ ಹೋದಂತೆ ಸದ್ದಿಲ್ಲದೆ ಹೋಯಿತು. ಅವರು ಅಂಚು ಮಡಚಿ ಹೊಲಿದು, ಮುದ್ರೆ ಒತ್ತಿ, “ನಡಿ ತಂಗಿ,” ಅಂದರು. ನಡೆದೆ. ಹೆದರಿಕೆಯಾಗುವಷ್ಟು ಹಗುರಾಗಿತ್ತು.

ವಿಮಾನ ನಿಲ್ದಾಣದ ಬಾಗಿಲಲ್ಲಿ ನನ್ನ ಮುದ್ರೆ ನೋಡಿ ಒಳಗೆ ಬಿಟ್ಟರು. ಅವ್ವನನ್ನು ತಡೆದರು.

“ನಿಮ್ಮ ನೆರಳಿನ ಸೆರಗು ಗಿಡ್ಡ ಆಗೈತಲ್ರೀ?”

“ಹಳೇ ನೆರಳ್ರೀ. ಸವದೈತಿ,” ಅಂದಳು, ರೆಪ್ಪೆ ಕೂಡ ಬಡಿಯದೆ.

ಕಾವಲಿನವನು ಅವಳ ಮುಖ ನೋಡಿದ. ನನ್ನ ನೆರಳಿನ ದಪ್ಪ ಅಂಚನ್ನೂ ನೋಡಿದ. ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ವಿಮಾನದ ತನಕ ಬಿಸಿಲಲ್ಲೇ ನಡೆದೆವು. ಕಾದ ನೆಲದ ಮೇಲೆ ನನ್ನ ಹಿಮ್ಮಡಿಗೆ ನಾಲ್ಕು ಬೆರಳಿನಷ್ಟು ಜಾಗ ಮಾತ್ರ ತಂಪಾಗಿತ್ತು.