ಲಾಭದಿಂದ ಶುರುವಾದ ಮಗ್ಗಿ

ಒಣ ಕೊಬ್ಬರಿಯ ವಾಸನೆ ಬಂದರೆ ಈಗಲೂ ನನ್ನ ನಾಲಿಗೆ ನಾಲ್ಕರ ಮಗ್ಗಿ ಹೇಳಲು ಹೊರಡುತ್ತದೆ.

ಆಗ ಆ ಮಗ್ಗಿ ಅಂದರೆ ನನಗೆ ಜ್ವರ ಬರುತ್ತಿತ್ತು. ಒಂದು ದಿನ, ಸಂಜೆ ಅಪ್ಪ ಕೇಳುತ್ತಾರೆಂದು ಮಧ್ಯಾಹ್ನವೇ ಕೊಟ್ಟಿಗೆ ಸೇರಿದ್ದೆ. ಅಲ್ಲಿ ಅಜ್ಜಿ, ಅಟ್ಟದಿಂದ ಇಳಿಸಿ ಸುಲಿದಿದ್ದ ತೆಂಗಿನಕಾಯಿಗಳ ರಾಶಿಯ ಮುಂದೆ ಕೂತಿದ್ದಳು.

"ಬಾ ಮಗ, ಎಣಿಸಾಕೆ ಒಬ್ರು ಬೇಕಿತ್ತು. ನಾನು ಹಾಕ್ತೀನಿ, ನೀನು ಒಟ್ಟು ಹೇಳು."

ಜುಟ್ಟು ಹಿಡಿದು ಕೈಗೆರಡರಂತೆ ಒಮ್ಮೆಗೆ ನಾಲ್ಕು ಕಾಯಿ ಉರುಳಿಸುತ್ತಿದ್ದಳು. ಒಳಗೆ ಒಣಗಿದ ಕೊಬ್ಬರಿ ಲೊಟಲೊಟ ಅನ್ನುತ್ತಿತ್ತು. ಕಾಯಿ ಎಣಿಸುವಾಗ ನಮ್ಮ ಮನೆಯಲ್ಲಿ ಒಂದು ಅನ್ನುತ್ತಿರಲಿಲ್ಲ, ಲಾಭ ಅನ್ನುತ್ತಿದ್ದರು. ಅಜ್ಜಿ "ಲಾಭ" ಅಂದರೆ ನಾನು "ನಾಲ್ಕು", ಅವಳು "ಎರಡು" ಅಂದರೆ ನಾನು "ಎಂಟು". ನಲವತ್ತು ದಾಟಿದ್ದೇ ತಿಳಿಯಲಿಲ್ಲ.

ಸಂಜೆ ಅಪ್ಪ ಕೇಳಿದ್ದೇ ತಡ, "ನಾಲ್ಕು ಲಾಭ ನಾಲ್ಕು, ನಾಲ್ಕೆರಡ್ಲ ಎಂಟು" ಎಂದು ಒಂದೇ ಉಸಿರಿಗೆ ಒಪ್ಪಿಸಿದೆ. ಅಪ್ಪ ಬಿದ್ದು ಬಿದ್ದು ನಕ್ಕರು.

"ಯಾರು ಹೇಳ್ಕೊಟ್ರು?"

"ಅಜ್ಜಿ ಜೊತೆ ಕೊಟ್ಟಿಗೇಲಿ ಕಾಯಿ ಎಣಿಸ್ದೆ."

ಅಪ್ಪ ಅಜ್ಜಿಯತ್ತ ತಿರುಗಿದರು. "ಆ ಕಾಯಿನ ಬೆಳಿಗ್ಗೆನೇ ನಾವಿಬ್ರೂ ಎಣಿಸಿದ್ವಲ್ಲವ್ವ?"

"ವಯಸ್ಸಾಯ್ತು, ಮರ್ತೋಯ್ತು ಕಣಪ್ಪ" ಅಂದಳು ಅಜ್ಜಿ, ನನ್ನ ತಲೆಗೆ ಅಂಟಿದ್ದ ನಾರು ಬಿಡಿಸುತ್ತಾ. "ನಾಳೆ ಇನ್ನೊಂದ್ಸಲ ಎಣಿಸ್ಬುಡ್ತೀವಿ. ಕೈಗೆ ಮೂರ್ಮೂರು ಹಾಕ್ತೀನಿ."