ಹದಿನೇಳನೇ ನಂಬರಿನ ಹೊಲಿಗೆ

"ಅಯ್ಯೋ, ಬಕೆಟ್ ಕೆಳಗಿಡಿ! ಮೊದಲು ಕೆಳಗಿಡಿ ಸರ್!"

ಮಹಡಿಯ ಮೇಲೆ ಬಟ್ಟೆ ಒಣಹಾಕಲು ಹೊರಟಿದ್ದ ತಾತ ಬೆಚ್ಚಿ ಮೆಟ್ಟಿಲ ನಡುವೆಯೇ ನಿಂತರು. ಒಂದು ಕೈಯಲ್ಲಿ ಹಿಂಡಿದ ಬಟ್ಟೆ ತುಂಬಿದ ಬಕೆಟ್, ಇನ್ನೊಂದರಲ್ಲಿ ಕ್ಲಿಪ್ಪಿನ ಡಬ್ಬ. ಹಿಂದೆ ಆರು ವರ್ಷದ ಮೊಮ್ಮಗಳು, ಹೆಗಲ ಮೇಲೊಂದು ಒದ್ದೆ ಟವೆಲ್. ಕೆಳಗೆ ಗೇಟಿನ ಬಳಿ, ಬಿಳಿ ಕೋಟನ್ನು ತೋಳಿಗೆ ಹಾಕಿಕೊಂಡ ಯುವ ಡಾಕ್ಟರಮ್ಮ ಏದುಸಿರು ಬಿಡುತ್ತಿದ್ದಳು.

"ಭಾರ ಎತ್ತಲ್ಲ ಅಂತ ಫೋನಿನಲ್ಲಿ ಹನ್ನೊಂದು ಸಲ ಹೇಳಿದೀರಿ!"

"ಹೇಳಿದೀನಿ," ತಾತ ಬಕೆಟನ್ನು ಮಲಗಿದ ಕೂಸಿನ ಹಾಗೆ ಮೆಲ್ಲಗೆ ಇಳಿಸಿದರು. "ನೀವು ಹತ್ತು ಗಂಟೆಗೆ ಬರ್ತೀನಿ ಅಂದಿದ್ರಲ್ಲಮ್ಮ?"

ಅವಳು ಗೇಟು ತಳ್ಳಿಕೊಂಡು ಒಳಬಂದಳು. ಬಕೆಟ್ಟಿನ ವಿಷಯಕ್ಕೇ ಸುಳ್ಳು ಹೇಳಿದವರು ಇನ್ನೇನೇನು ಮುಚ್ಚಿಟ್ಟಿದ್ದಾರೋ!

ಅವಳು ಸರ್ಜರಿ ವಿಭಾಗದಲ್ಲಿ ಕೊನೆಯ ವರ್ಷ ಕಲಿಯುತ್ತಿದ್ದಳು. ಹರ್ನಿಯಾ ಆಪರೇಷನ್ನಿನಲ್ಲಿ ಚರ್ಮದ ಒಳಗಿನಿಂದಲೇ ಹಾಕುವ ಹೊಸ ಬಗೆಯ ಹೊಲಿಗೆ, ನಲವತ್ತು ಜನರ ಹೊಟ್ಟೆಯ ಮೇಲೆ ಹೇಗೆ ಮಾಯಿತು ಎನ್ನುವುದೇ ಅವಳ ಪ್ರಬಂಧ. ಹೊಲಿದವರು ಹಿಂದಿನ ಬ್ಯಾಚಿನವರು. ಇವಳ ಕೈಗೆ ಬಂದದ್ದು ಅವರು ಒಂದೋ ಏಳೋ ತಿಳಿಯದ ಹಾಗೆ ಕೋಳಿಕಾಲಿನ ಅಕ್ಷರದಲ್ಲಿ ಗೀಚಿಟ್ಟ ಒಂದು ಪಟ್ಟಿ. ಸಂಶೋಧನೆಯಲ್ಲಿ ಯಾರ ಹೆಸರೂ ಇರುವಂತಿಲ್ಲ. ಒಂದು ಕ್ರಮಸಂಖ್ಯೆ, ಒಂದು ಫೋನ್ ನಂಬರ್, ಅಷ್ಟೇ. ಮೂರು ವರ್ಷ, ಮೂರು ತಿಂಗಳಿಗೊಮ್ಮೆ ಫೋನ್ ಮಾಡಿ ಪ್ರಶ್ನೆ ಕೇಳಬೇಕು. ಕೊನೆಗೆ ಗುರುತನ್ನು ಕಣ್ಣಾರೆ ನೋಡಬೇಕು.

ಮೊದಲ ದಿನ ಏಳು ಜನ ಅವಳ ಮಾತು ಮುಗಿಯುವ ಮುಂಚೆಯೇ ಫೋನ್ ಇಟ್ಟಿದ್ದರು. ಹದಿನೇಳನೇ ನಂಬರಿನವರೂ "ನೋಡಿಯಮ್ಮ, ನೀವು…" ಎಂದು ಶುರುಮಾಡಿದ್ದರು. "ದಯವಿಟ್ಟು ಇಟ್ಟುಬಿಡಬೇಡಿ ಸರ್," ಎಂದವಳಿಗೆ ಅಳು ತಡೆಯಲಾಗಲಿಲ್ಲ. ಆ ಕಡೆ ಕುರ್ಚಿ ಎಳೆದುಕೊಂಡ ಸದ್ದು. ಆಮೇಲೆ, "ಆಯ್ತು, ಅಳಬೇಡ. ಅದೇನು ಕೇಳ್ಬೇಕೋ ಕೇಳಮ್ಮ."

ಅಂದಿನಿಂದ ಅವರು ಒಂದು ಫೋನೂ ತಪ್ಪಿಸಿಕೊಂಡವರಲ್ಲ. ನೋವಿಲ್ಲ, ಊತವಿಲ್ಲ, ತುರಿಕೆಯಿಲ್ಲ. ಕೊನೆಗೆ "ನಿನ್ನ ಊಟ ಆಯ್ತಾ?" ಎಂದು ಅವಳನ್ನೇ ವಿಚಾರಿಸುತ್ತಿದ್ದರು. ವಿಭಾಗಕ್ಕೆಲ್ಲ ಅವರು ಅಚ್ಚುಮೆಚ್ಚು. ರೋಗಿಯೊಡನೆ ಫೋನಿನಲ್ಲಿ ಮಾತಾಡುವುದು ಹೇಗೆಂದು ಹೊಸಬರಿಗೆ ಕಲಿಸುವಾಗ ದೊಡ್ಡ ಡಾಕ್ಟರು, "ಹದಿನೇಳನೆಯವರಿಗೆ ಫೋನ್ ಹಚ್ಚಿ. ಅವರು ಯಾರನ್ನೂ ಬೈಯೋದಿಲ್ಲ," ಎನ್ನುತ್ತಿದ್ದರು.

ಅಂಥವರು ಗುರುತು ತೋರಿಸಲು ಬನ್ನಿ ಎಂದಾಗ ಮಾತ್ರ ಜಾರಿಕೊಂಡರು. ಒಮ್ಮೆ ನೆಗಡಿ, ಒಮ್ಮೆ ನೆಂಟರು, ಒಮ್ಮೆ ಮಳೆ. ಮೂವತ್ತೊಂಬತ್ತು ಹೊಟ್ಟೆ ನೋಡಿ ಆಗಿತ್ತು, ಎಲ್ಲದರ ಮೇಲೂ ಕೂದಲೆಳೆಯಂಥ ಗೆರೆ. ನಾಳೆ ವಿಭಾಗದ ಎದುರು ಪ್ರಬಂಧ ಒಪ್ಪಿಸಬೇಕು, ನಲವತ್ತಕ್ಕೆ ನಲವತ್ತೂ ಇರಲೇಬೇಕು. "ಹೊಲಿಗೆ ಕೆಟ್ಟಿರತ್ತೆ ಕಣೇ," ಎಂದಿದ್ದ ಜೊತೆಯಲ್ಲಿ ಕಲಿಯುವವನು. "ನಿನ್ನ ಮನಸ್ಸು ನೋಯಿಸಬಾರದು ಅಂತ ಪಾಪ, ಬಾಯಿ ಬಿಡ್ತಿಲ್ಲ." ಅದಕ್ಕೇ ಕಾಡಿ ಬೇಡಿ ವಿಳಾಸ ಪಡೆದು, ಹೇಳಿದ್ದಕ್ಕಿಂತ ಒಂದು ಗಂಟೆ ಮೊದಲೇ ಬಂದಿಳಿದಿದ್ದಳು.

ಒಳಗೆ ಕೂತದ್ದಾಯಿತು. ತಾತ ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡರು.

"ತಾತ, ನಾನೊಂದು ಕೇಳ್ಲಾ?" ಎಂದಿತು ಮಗು.

"ಆಮೇಲೆ ಪುಟ್ಟಿ. ಡಾಕ್ಟ್ರಿಗೆ ನೀರು ತಗೊಂಡು ಬಾ."

"ಎಷ್ಟು ಹೊಲಿಗೆ ಹಾಕಿದ್ರು, ನೆನಪಿದೆಯಾ ಸರ್?"

"ನೀವೇ ಬರ್ಕೊಂಡಿರ್ತೀರಲ್ಲ. ನಿಮ್ಮ ಲೆಕ್ಕಾನೇ ಸರಿ."

"ನೀವು ಏನು ಕೇಳಿದ್ರೂ ತಕ್ಷಣ ಉತ್ತರ ಕೊಡ್ತಿದ್ರಿ. ಈಗೇನಾಯ್ತು?"

"ರೈಲ್ವೆ ಸ್ಟೇಷನ್ನಿನ ವಿಚಾರಣೆ ಕಿಟಕಿಯಲ್ಲಿ ಮೂವತ್ತು ವರ್ಷ ಕೂತವನು ನಾನು," ತಾತ ಪೆಚ್ಚುನಗೆ ನಕ್ಕರು. "ಕೇಳೋಕೆ ಬಂದೋರನ್ನ ಬರಿಗೈಯಲ್ಲಿ ಕಳಿಸಿ ಅಭ್ಯಾಸವಿಲ್ಲ."

ನೀರು ಬಂತು. ಮಗು ಲೋಟ ಕೊಟ್ಟು ಮತ್ತೆ ಬಾಯಿ ತೆರೆಯಿತು. "ತಾತ…"

"ನನ್ನ ಕನ್ನಡಕ ಎಲ್ಲಿ ನೋಡು ಮರಿ."

"ನಿನ್ನ ಮೂಗಿನ ಮೇಲೇ ಇದೆ!"

ಡಾಕ್ಟರಮ್ಮ ಕುರ್ಚಿಯನ್ನು ಹತ್ತಿರಕ್ಕೆಳೆದಳು. ದನಿ ತಗ್ಗಿಸಿದಳು. "ನೋಡಿ ಸರ್, ಗುರುತು ಹೇಗೇ ಇರಲಿ. ಗಂಟುಗಂಟಾಗಿದ್ರೂ ಸರಿ, ಹರ್ನಿಯಾ ಮತ್ತೆ ಬಂದಿದ್ರೂ ಸರಿ. ಕಂಡದ್ದನ್ನೇ ಬರೀತೀನಿ. ನನ್ನ ಪ್ರಬಂಧ ಹಾಳಾದ್ರೆ ಆಗಲಿ, ನಿಮ್ಮ ಆರೋಗ್ಯ ಮುಖ್ಯ."

ತಾತ ಅವಳ ಮುಖವನ್ನೇ ನೋಡಿದರು. "ನಿಜಾನೇ ಬರೀತೀಯಾ ತಾಯಿ? ಏನಾದ್ರೂ ಸರಿ?"

"ಏನಾದ್ರೂ ಸರಿ."

ತಾತ ಕಣ್ಣು ಮುಚ್ಚಿ ಅಂಗಿ ಎತ್ತಿದರು.

ಅವಳು ಬಗ್ಗಿ ನೋಡಿದಳು. ಟಾರ್ಚು ಹಾಕಿ ನೋಡಿದಳು. ಬೆರಳಾಡಿಸಿದಳು, ಕೆಮ್ಮಿಸಿದಳು. ಊತವಿಲ್ಲ, ಗಂಟಿಲ್ಲ. ಗೆರೆ? ಗೆರೆಯೂ ಇಲ್ಲ! ದುಂಡನೆಯ ಹೊಟ್ಟೆ, ಈಗಷ್ಟೇ ಲಟ್ಟಿಸಿದ ಹಿಟ್ಟಿನ ಹಾಗೆ ನುಣ್ಣಗಿತ್ತು.

"ಸರ್!" ಅವಳು ಎದ್ದು ನಿಂತೇಬಿಟ್ಟಳು. "ಇದನ್ನು ಮುಚ್ಚಿಡ್ತಿದ್ರಾ? ಮೂವತ್ತೊಂಬತ್ತರಲ್ಲಿ ಒಂದೂ ಹೀಗೆ ಮಾಯ್ದಿಲ್ಲ!"

"ಅಮ್ಮಾ, ಒಂದು ನಿಮಿಷ, ನಾನು ಹೇಳೋದು…"

ಯಾರು ಕೇಳುತ್ತಾರೆ! ಅವಳು ಆಗಲೇ, ಫೋಟೋ ತೆಗೆಯಲೇ ಎಂದು ಅವರನ್ನು ಕೇಳಿ, ಅವರು ತಲೆಯಾಡಿಸಿದ್ದು ಹೂಂ ಎಂದೋ ಊಹೂಂ ಎಂದೋ ನೋಡದೆ, ತೆಗೆದು ಕಳಿಸಿಯಾಗಿತ್ತು. ಮರುಕ್ಷಣವೇ ದೊಡ್ಡ ಡಾಕ್ಟರ ಫೋನು.

"ಗುರುತು ಎಲ್ಲಮ್ಮ?"

"ಇಲ್ವೇ ಇಲ್ಲ ಸರ್!"

"ಭೇಷ್! ನಾಳೆ ಇದೇ ಮೊದಲನೇ ಚಿತ್ರ. ಹೊಲಿದವರು ಯಾರು ಅಂತ ಹುಡುಕಿಸ್ತೀನಿ, ಸನ್ಮಾನ ಮಾಡೋಣ. ಹದಿನೇಳನೆಯವರನ್ನೂ ಕರ್ಕೊಂಡು ಬಾ, ವೇದಿಕೆ ಮೇಲೆ ಕೂರಿಸೋಣ."

ತಾತ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕೂತರು. ಅವಳಿಗೆ ಕಣ್ಣು ತುಂಬಿ ಬಂದಿತ್ತು. ಪೆನ್ನಿನ ಮುಚ್ಚಳ ತೆಗೆದು, ಹದಿನೇಳನೇ ನಂಬರಿನ ಎದುರು 'ಅತ್ಯುತ್ತಮ' ಎಂದು ದುಂಡಗೆ ಬರೆಯತೊಡಗಿದಳು.

ಈ ಸಲ ತಡೆಯುವವರು ಯಾರೂ ಇರಲಿಲ್ಲ. ಮಗು ತಾತನ ಮೊಣಕಾಲು ಅಲ್ಲಾಡಿಸಿ, ಮನೆಗೆಲ್ಲ ಕೇಳಿಸುವ ಹಾಗೆ ಕೇಳಿತು:

"ಅಲ್ಲ ತಾತ, ನಿನಗೆ ಆಪರೇಷನ್ ಆಗಿದ್ದು ಯಾವಾಗ?"